ಕರ್ನಾಟಕದ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಬಳಕೆ

ಸೀಲಿಂಗ್ ಫ್ಯಾನ್ ಅಥವಾ ಚಾವಣಿ ಪಂಖವು ಕೋಣೆಯ ಮಾಡಿನಿಂದ ತೂಗುಬಿಟ್ಟು ವಿದ್ಯುತ್ ಮೋಟಾರಿನಿಂದ ತಿರುಗಿಸುವ ಗಾಳಿಯಂತ್ರವಾಗಿದೆ. ಭಾರತದ ಮನೆಗಳಲ್ಲಿ ದೀಪದ ಅನಂತರ ಅತ್ಯಂತ ವ್ಯಾಪಕವಾಗಿ ಕಂಡುಬರುವ ವಿದ್ಯುತ್ ಉಪಕರಣಗಳಲ್ಲಿ ಇದು ಒಂದು. ಕರ್ನಾಟಕದಲ್ಲಿ ಇದರ ಬಳಕೆಯು ಪ್ರದೇಶದ ಹವಾಮಾನ, ಮನೆಯ ಮಾಡಿನ ಬಗೆ, ಕುಟುಂಬದ ಆದಾಯ ಮತ್ತು ಮನೆಯೊಳಗಿನ ರೂಢಿಗಳಿಗೆ ಅನುಗುಣವಾಗಿ ಬಹಳಷ್ಟು ಬದಲಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕುಟುಂಬದ ಸ್ಥಿತಿಗತಿಯನ್ನು ಅಳೆಯಲು ಬಳಸುವ ವಸ್ತುಗಳ ಪಟ್ಟಿಯಲ್ಲಿ ವಿದ್ಯುತ್ ಫ್ಯಾನನ್ನೂ ಸೇರಿಸಿಕೊಂಡಿದೆ. ಆದರೆ 2011ರ ಜನಗಣತಿಯ ಆಸ್ತಿಪಟ್ಟಿಯಲ್ಲಿ ರೇಡಿಯೊ, ದೂರದರ್ಶನ, ದೂರವಾಣಿ, ಸೈಕಲ್ಲುಗಳಿಗೆ ಸ್ಥಾನವಿದ್ದರೂ ಫ್ಯಾನಿಗೆ ಇರಲಿಲ್ಲ.

ಹಿನ್ನೆಲೆ

ವಿದ್ಯುತ್ತಿಗಿಂತ ಮೊದಲು ಗಾಳಿ ಬೀಸಿಕೊಳ್ಳಲು ತಾಳೆಗರಿ, ಬಿದಿರು ಅಥವಾ ಲಾವಂಚದ ಬೇರಿನಿಂದ ಮಾಡಿದ ಬೀಸಣಿಗೆಗಳು ಬಳಕೆಯಲ್ಲಿದ್ದವು. ಲಾವಂಚದ ಬೀಸಣಿಗೆಗೆ ನೀರು ಚಿಮುಕಿಸಿ ಬೀಸಿದರೆ ಗಾಳಿ ತಂಪಾಗಿಯೂ ಸುವಾಸನೆಯಿಂದಲೂ ಬರುತ್ತಿತ್ತು. ವಸಾಹತು ಕಾಲದ ಬಂಗಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಚಾವಣಿಗೆ ಕಟ್ಟಿದ ಅಗಲವಾದ ಬಟ್ಟೆಯ ಪಂಖವನ್ನು ಹೊರಗೆ ಕುಳಿತ ಆಳು ಹಗ್ಗದಿಂದ ಎಳೆಯುತ್ತಿದ್ದನು. ಒಳಗಿದ್ದವರಿಗೆ ಗಾಳಿ, ಹೊರಗಿದ್ದವನಿಗೆ ಸೆಕೆ ಎಂಬ ಈ ಏರ್ಪಾಡು ವಿದ್ಯುತ್ ಫ್ಯಾನು ಬರುವವರೆಗೆ ಮುಂದುವರಿಯಿತು.

ವಿದ್ಯುತ್ ಚಾಲಿತ ಸೀಲಿಂಗ್ ಫ್ಯಾನನ್ನು 1880ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಶ್ರೇಯಸ್ಸು ಜರ್ಮನ್ ಮೂಲದ ಫಿಲಿಪ್ ಡೀಲ್ ಅವರಿಗೆ ಸಲ್ಲುತ್ತದೆ. ಅವರು ಹೊಲಿಗೆಯಂತ್ರಕ್ಕಾಗಿ ತಯಾರಿಸಿದ್ದ ವಿದ್ಯುತ್ ಮೋಟಾರನ್ನೇ ಈ ಕೆಲಸಕ್ಕೆ ಅಳವಡಿಸಿದರು. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಲಾರಂಭಿಸಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಿತು. ಆದರೂ ಸಾಮಾನ್ಯ ಕುಟುಂಬಗಳ ಪಾಲಿಗೆ ಫ್ಯಾನು ಬಹುಕಾಲ ಕಚೇರಿ, ಆಸ್ಪತ್ರೆ ಮತ್ತು ಸಿರಿವಂತರ ಮನೆಗಳಲ್ಲಿ ಕಾಣಸಿಗುವ ವಸ್ತುವಾಗಿಯೇ ಉಳಿದಿತ್ತು.

ಮನೆಗೆ ವಿದ್ಯುತ್ತು ಬಂದ ಮಾತ್ರಕ್ಕೆ ಫ್ಯಾನೂ ಬಂದಿತೆಂದು ತಿಳಿಯಲಾಗದು. ಕರ್ನಾಟಕದ ಭಾಗ್ಯಜ್ಯೋತಿ ಯೋಜನೆಯು ಬಡ ಕುಟುಂಬಗಳಿಗೆ ಒದಗಿಸಿದ್ದು ಒಂದು ದೀಪದ ಸಂಪರ್ಕವನ್ನು. ಅಂಥ ಮನೆಗಳು ವಿದ್ಯುದೀಕರಣಗೊಂಡ ಮನೆಗಳ ಲೆಕ್ಕಕ್ಕೆ ಸೇರಿದವು. ಗಾಳಿಗೆ ಮಾತ್ರ ಬೀಸಣಿಗೆ, ಇಲ್ಲವೇ ಮನೆಯ ಮುಂದಿನ ಕಟ್ಟೆಯೇ ಗತಿಯಾಗಿತ್ತು.

ಕಾರ್ಯವಿಧಾನ

ಭಾರತದ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು ರೆಕ್ಕೆಗಳ, 1200 ಮಿಲಿಮೀಟರ್ (48 ಅಂಗುಲ) ವ್ಯಾಸದ ಫ್ಯಾನು. ಚಿಕ್ಕ ಕೋಣೆಗಳಿಗೆ 900 ಮಿಲಿಮೀಟರಿನದೂ ದೊಡ್ಡ ಪಡಸಾಲೆಗಳಿಗೆ 1400 ಮಿಲಿಮೀಟರಿನದೂ ದೊರೆಯುತ್ತವೆ. ಸಾಂಪ್ರದಾಯಿಕ ಫ್ಯಾನಿನ ಮೋಟಾರಿನಲ್ಲಿ ತಾಮ್ರದ ತಂತಿ ಸುತ್ತಿದ ಒಳಭಾಗವು ಸ್ಥಿರವಾಗಿರುತ್ತದೆ. ಹೊರಚಿಪ್ಪು ರೆಕ್ಕೆಗಳೊಡನೆ ತಿರುಗುತ್ತದೆ. ಮೋಟಾರು ತಿರುಗಲು ಬೇಕಾದ ಕಾಂತಬಲವನ್ನು ಉಂಟುಮಾಡುವುದರಲ್ಲಿ ಕೆಪಾಸಿಟರಿನ ಪಾತ್ರವಿದೆ. ಜನರ ಮಾತಿನಲ್ಲಿ ಇದು ಕಂಡೆನ್ಸರ್. ಇದು ದುರ್ಬಲವಾದಾಗ ಫ್ಯಾನು ಮಂದವಾಗಿ ತಿರುಗುತ್ತದೆ, ಅಥವಾ ಕೈಯಿಂದ ತಳ್ಳಿದ ಮೇಲಷ್ಟೇ ತಿರುಗಲು ತೊಡಗುತ್ತದೆ.

ಫ್ಯಾನು ಕೋಣೆಯ ಗಾಳಿಯನ್ನು ತಂಪು ಮಾಡುತ್ತದೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಮೋಟಾರು ಬಳಸಿದ ವಿದ್ಯುತ್ತು ಕಡೆಗೆ ಶಾಖವಾಗಿಯೇ ಮಾರ್ಪಡುವುದರಿಂದ ಮುಚ್ಚಿದ ಕೋಣೆಯ ಉಷ್ಣತೆಯು ಫ್ಯಾನಿನಿಂದ ಅತ್ಯಲ್ಪ ಪ್ರಮಾಣದಲ್ಲಿ ಏರುವುದೇ ಹೊರತು ಇಳಿಯುವುದಿಲ್ಲ. ತಂಪಾಗುವುದು ಅದರ ಕೆಳಗೆ ಕುಳಿತವರ ಮೈ. ಚರ್ಮವನ್ನು ಆವರಿಸಿದ ಬೆಚ್ಚನೆಯ ಗಾಳಿಯ ಪದರವನ್ನು ಫ್ಯಾನು ಸರಿಸುತ್ತದೆ, ಬೆವರನ್ನು ಬೇಗ ಆರಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ‘ಬರುವಷ್ಟರಲ್ಲಿ ತಂಪಾಗಿರಲಿ’ ಎಂದು ಫ್ಯಾನು ಹಾಕಿಡುವುದರಿಂದ ಪ್ರಯೋಜನವಿಲ್ಲ. ಗಾಳಿಯ ವೇಗವು ಮೋಟಾರಿನ ನೇರ ಕೆಳಗಿಗಿಂತ ರೆಕ್ಕೆಗಳ ಕೆಳಗೆ ಹೆಚ್ಚಾಗಿರುತ್ತದೆ. ಬೇಸಿಗೆಯ ರಾತ್ರಿ ಪಡಸಾಲೆಯ ನಟ್ಟನಡುವಿನ ಜಾಗಕ್ಕಾಗಿ ಮಕ್ಕಳು ನಡೆಸುವ ಪೈಪೋಟಿಗೆ ಇದರಿಂದ ಅಷ್ಟೇನೂ ಸಮರ್ಥನೆ ಸಿಗುವುದಿಲ್ಲ.

ಮಾಡಿನ ಬಗೆ ಮತ್ತು ಫ್ಯಾನು

ಕಾಂಕ್ರೀಟಿನ ತಾರಸಿಯ ಮನೆಗಳಲ್ಲಿ ಮೋಲ್ಡ್ ಹಾಕುವಾಗಲೇ ಫ್ಯಾನಿನ ಕೊಂಡಿಯನ್ನು ಕಬ್ಬಿಣದ ಸರಳುಗಳಿಗೆ ಸೇರಿಸಿ ಹುದುಗಿಸಿಡುವುದು ವಾಡಿಕೆ. ಫ್ಯಾನನ್ನು ತೂಗುಹಾಕಲು ಇಷ್ಟು ಅನುಕೂಲವಾದ ಮಾಡು ಬೇರೊಂದಿಲ್ಲ. ಆದರೆ ಫ್ಯಾನಿನ ಅಗತ್ಯವನ್ನು ಹೆಚ್ಚಿಸಿದ್ದೂ ಇದೇ ಮಾಡು. ಹಗಲೆಲ್ಲ ಬಿಸಿಲು ಹೀರಿದ ಕಾಂಕ್ರೀಟು ಸಂಜೆಯ ಮೇಲೆ ಆ ಶಾಖವನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಮೇಲಂತಸ್ತಿನ ಕೋಣೆಯಲ್ಲಿ ರಾತ್ರಿ ಹತ್ತರವರೆಗೂ ಸೆಕೆ ತಗ್ಗದಿರುವುದಕ್ಕೆ ಇದೇ ಕಾರಣ. ಕಿಟಕಿ ಮುಚ್ಚಿ ಫ್ಯಾನು ಹಾಕಿದರೆ ಚಾವಣಿಯ ಕೆಳಗೆ ಸೇರಿಕೊಂಡ ಬಿಸಿಗಾಳಿಯೇ ಕೆಳಕ್ಕೆ ಬರುತ್ತದೆ. ಎದುರುಬದುರು ಕಿಟಕಿಗಳನ್ನು ತೆರೆದಿಡುವುದು, ತಾರಸಿಗೆ ಬಿಳಿ ಸುಣ್ಣ ಬಳಿಯುವುದು, ಚಪ್ಪರ ಅಥವಾ ಗಿಡಗಳಿಂದ ನೆರಳು ಮಾಡುವುದು ಇವುಗಳಿಂದ ಫ್ಯಾನಿನ ಪರಿಣಾಮವೂ ಹೆಚ್ಚುತ್ತದೆ.

ಹಂಚಿನ ಮನೆಗಳ ವಿಷಯ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಅನಂತರ ಕರಾವಳಿ ಮತ್ತು ಮಲೆನಾಡುಗಳಲ್ಲಿ ಈ ಮಾಡು ಕ್ರಮೇಣ ಸೋಗೆ, ಹುಲ್ಲುಗಳ ಸ್ಥಾನವನ್ನು ಪಡೆಯಿತು. ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಮಾಡಿನ ನಡುಭಾಗ ಬಹಳ ಎತ್ತರವಿರುವುದರಿಂದ ಫ್ಯಾನನ್ನು ಅಡ್ಡತೊಲೆಗೆ ಕ್ಲಾಂಪ್ ಬಿಗಿದು ಅಥವಾ ಗೋಡೆಯಿಂದ ಗೋಡೆಗೆ ಹಾಯಿಸಿದ ಕಬ್ಬಿಣದ ಪೈಪಿಗೆ ಉದ್ದನೆಯ ರಾಡಿನ ಮೂಲಕ ತೂಗುಹಾಕುತ್ತಾರೆ. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡದೆ ಫ್ಯಾನು ಕಟ್ಟುವುದು ಅಪಾಯಕರ. ಹಲಗೆಯ ಅಟ್ಟವಿರುವ ಹಳೆಯ ಮನೆಗಳಲ್ಲಿ ಅಟ್ಟದ ಕೆಳಗಿನ ಎತ್ತರ ಸಾಲದೆ ಟೇಬಲ್ ಫ್ಯಾನನ್ನೇ ಇಟ್ಟುಕೊಳ್ಳುವುದೂ ಉಂಟು.

ಕಲ್ಯಾಣ ಕರ್ನಾಟಕದಲ್ಲಿ ಮಣ್ಣಿನ ಮಾಳಿಗೆಯ ಮನೆಗಳೂ ಕಲಬುರಗಿ ಭಾಗದ ಶಹಾಬಾದ್ ಕಲ್ಲಿನ ಹಾಸಿನ ಮಾಡುಗಳೂ ಇವೆ. ದಪ್ಪ ಮಣ್ಣಿನ ಗೋಡೆ ಮತ್ತು ಮಾಳಿಗೆಯುಳ್ಳ ಮನೆಯ ಒಳಗು ನಡುಹಗಲಿನಲ್ಲಿ ಹೊರಗಿಗಿಂತ ಎಷ್ಟೋ ತಂಪಾಗಿರುತ್ತದೆ. ರಾತ್ರಿ ಮಾಳಿಗೆಯ ಮೇಲೆ ಮಲಗುವ ಪದ್ಧತಿ ಇಲ್ಲಿ ಹಿಂದಿನಿಂದ ಬಂದುದು. ಇಂಥ ಮನೆಯನ್ನು ಕೆಡವಿ ತೆಳುಗೋಡೆಯ ಕಾಂಕ್ರೀಟು ಮನೆ ಕಟ್ಟಿದ ಕುಟುಂಬಕ್ಕೆ ಮೊದಲು ಇಲ್ಲದಿದ್ದ ಫ್ಯಾನಿನ ಖರ್ಚು ಬೀಳುವುದು ಸಹಜ. ಮನೆ ಕಟ್ಟುವಾಗಿನ ಲೆಕ್ಕದಲ್ಲಿ ಅದನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ.

ತಗಡು ಮತ್ತು ಸಿಮೆಂಟ್ ಶೀಟಿನ ಮನೆಗಳಲ್ಲಿ ಸಮಸ್ಯೆ ತೀವ್ರವಾಗಿದೆ. ನಗರದ ಕೊಳೆಗೇರಿಗಳಲ್ಲಿಯೂ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿಯೂ ಮಾಡು ತಲೆಗೆ ತಾಗುವಷ್ಟು ತಗ್ಗಾಗಿರುತ್ತದೆ. ಬಿಸಿಲಿಗೆ ಕಾದ ತಗಡು ಕೆಳಗಿರುವವರ ಮೇಲೆ ನೇರವಾಗಿ ಶಾಖವನ್ನು ಸೂಸುತ್ತದೆ. ಈ ಶಾಖವು ಗಾಳಿಯ ಮೂಲಕ ಬರುವಂಥದಲ್ಲವಾದ ಕಾರಣ ಫ್ಯಾನು ಅದನ್ನು ತಡೆಯಲಾರದು. ಶೀಟಿಗೆ ಭಾರ ಹೊರುವ ಶಕ್ತಿಯಿಲ್ಲ. ಕೆಳಗಿನ ಕೊಳವೆಗೆ ಫ್ಯಾನು ಕಟ್ಟಿದರೆ ರೆಕ್ಕೆಯು ಎತ್ತಿದ ಕೈಗೆ ತಾಗುವಷ್ಟು ಕೆಳಗೆ ಬರುತ್ತದೆ. ಹೀಗಾಗಿ ಫ್ಯಾನು ಅತ್ಯಂತ ಅಗತ್ಯವಾಗಿ ಬೇಕಿರುವ ಮನೆಯಲ್ಲಿಯೇ ಅದನ್ನು ಸರಿಯಾಗಿ ಹಾಕುವುದಕ್ಕೆ ಜಾಗವಿಲ್ಲ, ಹಾಕಿದರೂ ಅದರ ಫಲ ಕಡಿಮೆ. ಶೀಟಿನ ಕೆಳಗೆ ಬಿದಿರು ಚಾಪೆ ಅಥವಾ ಥರ್ಮೋಕೋಲಿನ ಹಾಸು ಕಟ್ಟುವುದು, ಮೇಲೆ ಗೋಣಿಚೀಲ ಹಾಸಿ ನೀರು ಹಾಕುವುದು ಜನರೇ ಕಂಡುಕೊಂಡ ಉಪಾಯಗಳು. ಥರ್ಮೋಕೋಲಿಗೆ ಬೆಂಕಿ ಬೇಗ ತಗಲುವುದರಿಂದ ಒಲೆ ಮತ್ತು ವಿದ್ಯುತ್ ತಂತಿಗಳ ಬಳಿ ಅದನ್ನು ಬಳಸಬಾರದು.

ಪ್ರಾದೇಶಿಕ ವ್ಯತ್ಯಾಸಗಳು

ಕರಾವಳಿಯಲ್ಲಿ ಉಷ್ಣತೆಗಿಂತ ಗಾಳಿಯ ತೇವ ಹೆಚ್ಚು ಬಾಧಿಸುತ್ತದೆ. ಬೆವರು ಆರದೆ ಮೈಗೆ ಅಂಟಿಕೊಳ್ಳುವ ಮಾರ್ಚಿಯಿಂದ ಮೇ ವರೆಗಿನ ಅವಧಿಯಲ್ಲಿ ಫ್ಯಾನು ಹಗಲೂ ರಾತ್ರಿಯೂ ತಿರುಗುತ್ತದೆ. ಕಡಲಿನ ಉಪ್ಪುಗಾಳಿಯಿಂದ ತಿರುಪು, ರಾಡು, ಕಬ್ಬಿಣದ ಭಾಗಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಇಲ್ಲಿ ನೀರಿನ ಕೂಲರು ಚೆನ್ನಾಗಿ ಕೆಲಸ ಮಾಡುವುದರಿಂದ ಅನುಕೂಲವಿದ್ದವರು ಫ್ಯಾನಿನೊಡನೆ ಅದನ್ನೂ ಇಟ್ಟುಕೊಳ್ಳುತ್ತಾರೆ. ಅದೇ ಕೂಲರು ಉಡುಪಿ ಅಥವಾ ಕಾರವಾರದಲ್ಲಿ ಕೋಣೆಯ ತೇವವನ್ನು ಹೆಚ್ಚಿಸುತ್ತದೆಯೇ ವಿನಾ ಹೆಚ್ಚಿನ ಹಿತ ನೀಡದು.

ಮಲೆನಾಡಿನಲ್ಲಿ ಫ್ಯಾನಿನ ಉಪಯೋಗ ಬೇಸಿಗೆಯ ಕೆಲವು ವಾರಗಳಿಗೆ ಸೀಮಿತವಾಗಿತ್ತು. ಮಳೆಗಾಲದಲ್ಲಿ ಒಗೆದ ಬಟ್ಟೆಯನ್ನು ಒಳಗಿನ ಹಗ್ಗಕ್ಕೆ ಹರವಿ ಫ್ಯಾನು ಹಾಕುವುದು, ಸೊಳ್ಳೆಯನ್ನು ದೂರವಿಡಲು ಚಳಿಯಲ್ಲೂ ಕಂಬಳಿ ಹೊದ್ದು ಫ್ಯಾನಿನಡಿ ಮಲಗುವುದು ಅಲ್ಲಿಯ ಮನೆಗಳಲ್ಲಿ ಸಾಮಾನ್ಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿಯೂ ಎತ್ತರವಾದ ಮದ್ರಾಸ್ ತಾರಸಿಯ ಹಳೆಯ ಮನೆಗಳಿಗೆ ಫ್ಯಾನು ಅನಿವಾರ್ಯವಾಗಿರಲಿಲ್ಲ. ಮರಗಳು ಕಡಿಮೆಯಾಗಿ, ಮನೆಗಳು ಒತ್ತೊತ್ತಾಗಿ ಎದ್ದ ಬಡಾವಣೆಗಳಲ್ಲಿ ಈಗ ಆ ಮಾತನ್ನು ಹೇಳುವಂತಿಲ್ಲ.

ಮನೆಯೊಳಗಿನ ಹಂಚಿಕೆ

ಒಂದೇ ಫ್ಯಾನನ್ನು ಕೊಳ್ಳಬಲ್ಲ ಕುಟುಂಬವು ಅದನ್ನು ಸಾಮಾನ್ಯವಾಗಿ ಪಡಸಾಲೆಗೆ ಹಾಕಿಸುತ್ತದೆ. ಬಂದವರು ಕೂರುವುದೂ ರಾತ್ರಿ ಎಲ್ಲರೂ ಸಾಲಾಗಿ ಮಲಗುವುದೂ ಅಲ್ಲಿಯೇ. ಎರಡನೆಯ ಫ್ಯಾನು ಮಲಗುವ ಕೋಣೆಗೆ, ಮೂರನೆಯದು ಮಕ್ಕಳ ಓದಿನ ಕೋಣೆಗೆ ಹೋಗುತ್ತದೆ. ಅಡುಗೆಮನೆಯ ಸರದಿ ಬರುವುದೇ ಅಪರೂಪ. ಒಲೆಯ ಉರಿ ಆರುತ್ತದೆ, ಒಗ್ಗರಣೆಯ ಹೊಗೆ ಹರಡುತ್ತದೆ, ಹಿಟ್ಟು ಹಾರುತ್ತದೆ ಎಂಬ ಕಾರಣಗಳು ನಿಜವೇ ಆದರೂ, ಮನೆಯ ಅತಿ ಬಿಸಿಯಾದ ಕೋಣೆಯಲ್ಲಿ ಅತಿ ಹೆಚ್ಚು ಹೊತ್ತು ಇರುವ ಮಹಿಳೆಗೆ ಗಾಳಿಯೇ ಇಲ್ಲವೆಂಬುದು ಅದಕ್ಕಿಂತ ದೊಡ್ಡ ನಿಜ. ಹೊಗೆ ಮತ್ತು ಬಿಸಿಗಾಳಿಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನನ್ನು ಒಲೆಯ ಮೇಲ್ಭಾಗದ ಗೋಡೆಗೆ ಅಳವಡಿಸಿ, ತರಕಾರಿ ಹೆಚ್ಚುವ ಜಾಗದ ಕಡೆಗೆ ಒಂದು ಚಿಕ್ಕ ಗೋಡೆ ಫ್ಯಾನನ್ನು ತಿರುಗಿಸಿಟ್ಟರೆ ಉರಿಗೆ ತೊಂದರೆಯಾಗುವುದಿಲ್ಲ. ಇದಕ್ಕೆ ತಗಲುವ ಹಣ ಪಡಸಾಲೆಯ ಅಲಂಕಾರದ ಫ್ಯಾನಿಗಿಂತ ಹೆಚ್ಚೇನೂ ಅಲ್ಲ.

ದೇವರ ಕೋಣೆಯಲ್ಲಿ ದೀಪ ಆರದಿರಲೆಂದೂ, ಬಾಳೆಎಲೆಯ ಊಟದ ಹೊತ್ತಿನಲ್ಲಿ ಎಲೆತುದಿ ಮಗುಚದಿರಲೆಂದೂ ಫ್ಯಾನನ್ನು ನಿಲ್ಲಿಸುವುದು ಅಥವಾ ನಿಧಾನಗೊಳಿಸುವುದು ರೂಢಿ. ಬಾಣಂತಿಯ ಕೋಣೆಯಲ್ಲಿ ಗಾಳಿ ಸೋಕಬಾರದೆಂದು ಕಿಟಕಿಯನ್ನೂ ಮುಚ್ಚಿ ಫ್ಯಾನನ್ನೂ ನಿಲ್ಲಿಸುವ ಪದ್ಧತಿ ಹಲವು ಕಡೆ ಇದೆ. ಕಡುಬೇಸಿಗೆಯಲ್ಲಿ ಇದರಿಂದ ತಾಯಿಗೂ ಶಿಶುವಿಗೂ ಹಿಂಸೆಯಾಗುತ್ತದೆ. ಶಿಶುವಿನ ಮೇಲೆ ನೇರವಾಗಿ ಬೀಸದಂತೆ ಮೆಲ್ಲಗೆ ಫ್ಯಾನು ಹಾಕಿ, ಕೋಣೆಯಲ್ಲಿ ಗಾಳಿ ಆಡುವಂತೆ ನೋಡಿಕೊಳ್ಳುವುದು ಯುಕ್ತ.

ವಯಸ್ಸಾದವರಿರುವ ಮನೆಗಳಲ್ಲಿ ರೆಗ್ಯುಲೇಟರಿನ ಸುತ್ತ ನಿತ್ಯವೂ ಚಿಕ್ಕ ಜಟಾಪಟಿ ನಡೆಯುತ್ತದೆ. ಮೊಣಕಾಲು ನೋವೆಂದು ಅಜ್ಜಿ ಎರಡಕ್ಕೆ ಇಳಿಸಿದ್ದನ್ನು ಮೊಮ್ಮಕ್ಕಳು ಐದಕ್ಕೆ ಏರಿಸುತ್ತಾರೆ. ಆದರೆ ಇದರಲ್ಲಿ ಆರೋಗ್ಯದ ಒಂದು ಅಂಶವೂ ಅಡಗಿದೆ. ವಯಸ್ಸಾದಂತೆ ಸೆಕೆಯ ಅರಿವೂ ಬೆವರುವ ಶಕ್ತಿಯೂ ಕುಗ್ಗುತ್ತವೆ. ಬೆವರು ಕಡಿಮೆಯಾದರೆ ಫ್ಯಾನಿನ ಗಾಳಿಯಿಂದಾಗುವ ತಂಪೂ ಕಡಿಮೆ. ‘ನನಗೇನೂ ಸೆಕೆಯಿಲ್ಲ’ ಎಂದು ಹಿರಿಯರು ಹೇಳಿದರೂ ಬಿಸಿಲಿನ ದಿನಗಳಲ್ಲಿ ಅವರಿಗೆ ಆಗಾಗ ನೀರು, ಮಜ್ಜಿಗೆ ಕೊಡುವುದೂ ಮೈಯನ್ನು ಒದ್ದೆಬಟ್ಟೆಯಿಂದ ಒರೆಸುವುದೂ ಅಗತ್ಯ.

ಅತಿ ಬಿಸಿಯಲ್ಲಿ ಫ್ಯಾನಿನ ಮಿತಿ

ಮನುಷ್ಯನ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಬೀಸುವ ಗಾಳಿಯು ಮೈಯ ಶಾಖವನ್ನು ಒಯ್ಯುವ ಬದಲು ಮೈಗೆ ಶಾಖವನ್ನು ತರುತ್ತದೆ. ಆಗ ತಂಪು ಉಂಟಾಗುವುದು ಬೆವರು ಆರುವುದರಿಂದ ಮಾತ್ರ. ಗಾಳಿಯು 40 ಡಿಗ್ರಿಯನ್ನು ಮೀರಿದಾಗ ವಿದ್ಯುತ್ ಫ್ಯಾನನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಅಂಥ ಹೊತ್ತಿನಲ್ಲಿ ಬಾಗಿಲು ಹಾಕಿದ ತಗಡಿನ ಮನೆಯೊಳಗೆ ಫ್ಯಾನನ್ನೇ ನಂಬಿ ಕೂರುವುದಕ್ಕಿಂತ ಮರದ ನೆರಳು, ದೇವಸ್ಥಾನದ ಕಲ್ಲುಮಂಟಪ, ಶಾಲೆಯ ಜಗಲಿಯಂಥ ತಂಪಾದ ಜಾಗಕ್ಕೆ ಹೋಗುವುದು ಮೇಲು. ತಲೆಸುತ್ತು, ಗೊಂದಲದ ಮಾತು, ಅತಿಯಾಗಿ ಕಾದ ಮೈ ಕಂಡುಬಂದರೆ ತಡಮಾಡದೆ ರೋಗಿಯ ಮೈಗೆ ನೀರು ಹಾಕಿ, ಗಾಳಿ ಬೀಸಿ, ಆಸ್ಪತ್ರೆಗೆ ಸೇರಿಸಬೇಕು.

ಬಾಡಿಗೆ ಮನೆಗಳು ಮತ್ತು ವಸತಿಗೃಹಗಳು

ನಗರಗಳಲ್ಲಿ ಬಾಡಿಗೆಗೆ ಕೊಡುವ ಅನೇಕ ಮನೆಗಳಲ್ಲಿ ಮಾಲೀಕರು ಕೊಂಡಿಯನ್ನೂ ತಂತಿಯನ್ನೂ ಬಿಟ್ಟಿರುತ್ತಾರೆ. ಫ್ಯಾನನ್ನು ಬಾಡಿಗೆದಾರರೇ ತರಬೇಕು. ಮನೆ ಬದಲಿಸುವ ದಿನ ರೆಕ್ಕೆಗಳನ್ನು ಬಿಚ್ಚಿ ಹಳೆಯ ಸೀರೆಯಲ್ಲಿ ಸುತ್ತಿ ಒಯ್ಯುವುದು ಬಾಡಿಗೆ ಸಂಸಾರಗಳಿಗೆ ಪರಿಚಿತ ದೃಶ್ಯ. ಈ ಓಡಾಟದಲ್ಲಿ ರೆಕ್ಕೆ ಸ್ವಲ್ಪ ಬಾಗಿದರೂ ಫ್ಯಾನು ಮುಂದೆ ಅಲುಗಾಡತೊಡಗುತ್ತದೆ. ಮಾಲೀಕರೇ ಫ್ಯಾನು ಹಾಕಿಸುವ ಕಡೆ ಅಗ್ಗದ್ದನ್ನು ಆರಿಸುವುದು ಹೆಚ್ಚು, ಏಕೆಂದರೆ ವಿದ್ಯುತ್ ಬಿಲ್ಲು ಕಟ್ಟುವವರು ಬೇರೆಯವರು. ವಿದ್ಯಾರ್ಥಿನಿಲಯ ಹಾಗೂ ಪೇಯಿಂಗ್ ಗೆಸ್ಟ್ ವಸತಿಗಳಲ್ಲಿ ಮೂರು ನಾಲ್ಕು ಮಂಚಗಳಿಗೆ ಒಂದೇ ಫ್ಯಾನಿರುತ್ತದೆ. ಮೂಲೆಯ ಮಂಚದವನಿಗೆ ಗಾಳಿ ತಲುಪದು, ನಡುವಿನವನಿಗೆ ನೆಗಡಿ ತಪ್ಪದು ಎಂಬ ದೂರು ಅಲ್ಲಿ ಸಾಮಾನ್ಯ.

ವಿದ್ಯುತ್ ವೆಚ್ಚ

ಸಾಂಪ್ರದಾಯಿಕ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಬಳಸುತ್ತದೆ. ದಿನಕ್ಕೆ 10 ಗಂಟೆ ತಿರುಗಿದರೆ 30 ದಿನಗಳಿಗೆ 22.5 ಯೂನಿಟ್ ಆಗುತ್ತದೆ. ಬಿಎಲ್‌ಡಿಸಿ ಎಂದು ಕರೆಯುವ, ಕಾಯಂ ಅಯಸ್ಕಾಂತವುಳ್ಳ ಹೊಸ ಬಗೆಯ ಮೋಟಾರಿನ ಫ್ಯಾನು ಸುಮಾರು 30 ವ್ಯಾಟ್ ಬಳಸುವುದರಿಂದ ಅಷ್ಟೇ ಅವಧಿಗೆ 9 ಯೂನಿಟ್ ಸಾಕು. ಮೂರು ಫ್ಯಾನುಗಳ ಮನೆಯಲ್ಲಿ ತಿಂಗಳಿಗೆ 40 ಯೂನಿಟ್ಟಿನಷ್ಟು ಉಳಿತಾಯ. ಬಿಎಲ್‌ಡಿಸಿ ಫ್ಯಾನು ಕೊಳ್ಳುವಾಗಿನ ಬೆಲೆ ಹೆಚ್ಚು. ದಿನಕ್ಕೆ ಒಂದೆರಡು ಗಂಟೆ ಮಾತ್ರ ತಿರುಗುವ ಕೋಣೆಯಲ್ಲಿ ಆ ಹಣ ಮರಳಿ ಬರಲು ಬಹಳ ವರ್ಷ ಬೇಕಾಗುತ್ತದೆ. ಹಗಲಿರುಳೂ ತಿರುಗುವ ಕರಾವಳಿಯ ಪಡಸಾಲೆಗೆ ಇದು ನಿಸ್ಸಂದೇಹವಾಗಿ ಲಾಭಕರ. ವೋಲ್ಟೇಜು ಇಳಿದಾಗಲೂ ಇದರ ವೇಗ ಅಷ್ಟಾಗಿ ತಗ್ಗದಿರುವುದು ಹಳ್ಳಿಗಳಿಗೆ ಅನುಕೂಲ. ಇನ್ವರ್ಟರಿನ ಬ್ಯಾಟರಿಯಲ್ಲಿ ಇದು ಹಳೆಯ ಫ್ಯಾನಿಗಿಂತ ಸರಿಸುಮಾರು ಎರಡು ಪಟ್ಟು ಹೊತ್ತು ನಡೆಯಬಲ್ಲದು.

ಹಿಂದಿನ ದೊಡ್ಡ ಪೆಟ್ಟಿಗೆಯಾಕಾರದ ರೆಗ್ಯುಲೇಟರು ವೇಗ ತಗ್ಗಿಸಿದಾಗ ವಿದ್ಯುತ್ತಿನ ಒಂದು ಭಾಗವನ್ನು ತಾನೇ ಶಾಖವಾಗಿ ಕಳೆಯುತ್ತಿತ್ತು. ವೇಗ ಇಳಿಸಿದರೂ ಬಿಲ್ಲು ಇಳಿಯದು ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಈ ನಷ್ಟ ಅಲ್ಪ. ವೇಗ ಇಳಿಸಿದರೆ ಖರ್ಚೂ ಇಳಿಯುತ್ತದೆ.

1 ಜನವರಿ 2023ರಿಂದ ಸೀಲಿಂಗ್ ಫ್ಯಾನುಗಳಿಗೆ ಇಂಧನ ದಕ್ಷತೆಯ ನಕ್ಷತ್ರ ಗುರುತು ಕಡ್ಡಾಯವಾಗಿದೆ. ಅದೇ ವರ್ಷ ಕರ್ನಾಟಕ ಸರ್ಕಾರ ಜಾರಿಗೊಳಿಸಿದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ದೊರೆಯುತ್ತದೆ. ಯೋಜನೆ ಆರಂಭವಾದಾಗ ಪ್ರತಿ ಮನೆಯ ಉಚಿತ ಮಿತಿಯನ್ನು ಅದರ ಹಿಂದಿನ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿ ನಿಗದಿಪಡಿಸಲಾಯಿತು. ಹಿಂದೆ ಬಿಲ್ಲಿಗೆ ಹೆದರಿ ಫ್ಯಾನನ್ನು ಅಪರೂಪಕ್ಕೆ ಹಾಕುತ್ತಿದ್ದ ಕುಟುಂಬದ ಮಿತಿಯೂ ಇದರಿಂದ ಚಿಕ್ಕದಾಯಿತೆಂಬುದನ್ನು ಗಮನಿಸಬೇಕು. ನೆರೆಯ ತಮಿಳುನಾಡಿನಲ್ಲಿ 2011ರಿಂದ ಸರ್ಕಾರವು ಮಿಕ್ಸಿ, ಗ್ರೈಂಡರುಗಳೊಡನೆ ಟೇಬಲ್ ಫ್ಯಾನನ್ನೂ ಉಚಿತವಾಗಿ ಹಂಚಿತ್ತು.

ಹವಾನಿಯಂತ್ರಕವಿರುವ ಮನೆಗಳಲ್ಲಿಯೂ ಫ್ಯಾನು ಮೂಲೆಗುಂಪಾಗಿಲ್ಲ. 2020ರಿಂದ ಭಾರತದಲ್ಲಿ ಮಾರಾಟವಾಗುವ ನಕ್ಷತ್ರ ಗುರುತಿನ ಹವಾನಿಯಂತ್ರಕಗಳಲ್ಲಿ 24 ಡಿಗ್ರಿಯೇ ಆರಂಭದ ಮಟ್ಟ. ಜೊತೆಗೆ ಫ್ಯಾನನ್ನು ಮೆಲ್ಲಗೆ ಹಾಕಿದರೆ 26 ಡಿಗ್ರಿಯಲ್ಲಿಯೂ ಅದೇ ಹಿತ ದೊರೆಯುತ್ತದೆ.

ಅಳವಡಿಕೆ, ದುರಸ್ತಿ ಮತ್ತು ಎಚ್ಚರಿಕೆಗಳು

ರೆಕ್ಕೆಗಳು ನೆಲದಿಂದ ಸುಮಾರು ಎಂಟು ಅಡಿ ಎತ್ತರದಲ್ಲಿದ್ದರೆ ಸುರಕ್ಷಿತ. ಚಾವಣಿಗೆ ತೀರ ಅಂಟಿಕೊಂಡ ಫ್ಯಾನಿಗೆ ಮೇಲಿನಿಂದ ಗಾಳಿ ಸೆಳೆಯಲು ಎಡೆಯಿರದೆ ಅದರ ಬೀಸು ಕುಗ್ಗುತ್ತದೆ. ಫ್ಯಾನಿನಡಿಯಲ್ಲಿ ಮಗುವನ್ನು ಮೇಲಕ್ಕೆ ಎತ್ತಿ ಆಡಿಸುವುದು, ಎರಡಂತಸ್ತಿನ ಮಂಚವನ್ನು ಫ್ಯಾನಿನ ಕೆಳಗೆ ಹಾಕುವುದು ಗಾಯಗಳಿಗೆ ದಾರಿ. ಕೊಂಡಿ, ರಬ್ಬರು ಗಾಲಿ, ಬೋಲ್ಟು ಮತ್ತು ಅದನ್ನು ಹಿಡಿದಿಡುವ ಸಣ್ಣ ಪಿನ್ನುಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

ಯುಗಾದಿ, ದೀಪಾವಳಿಗೆ ಮನೆ ತೊಳೆಯುವಾಗ ಫ್ಯಾನಿನ ಧೂಳನ್ನೂ ಒರೆಸುತ್ತಾರೆ. ಹಳೆಯ ದಿಂಬಿನ ಚೀಲದೊಳಗೆ ರೆಕ್ಕೆಯನ್ನು ತೂರಿಸಿ ಎಳೆದರೆ ಧೂಳು ಹಾಸಿಗೆಯ ಮೇಲೆ ಬೀಳುವುದಿಲ್ಲ. ಸ್ವಿಚ್ಚನ್ನಲ್ಲದೆ ಮೇನನ್ನೂ ಆರಿಸಿ, ಗಟ್ಟಿಯಾದ ಏಣಿಯ ಮೇಲೆ ನಿಂತು ಈ ಕೆಲಸ ಮಾಡಬೇಕು. ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿ ಬಿದ್ದವರು ಕಡಿಮೆಯಲ್ಲ.

ಹಳೆಯ ಫ್ಯಾನಿನ ದುರಸ್ತಿ ಊರೂರಿನಲ್ಲಿಯೂ ಸಾಧ್ಯವಿತ್ತು. ಕಂಡೆನ್ಸರ್ ಬದಲಿಸುವುದು, ಬೇರಿಂಗ್ ಹಾಕುವುದು, ಸುಟ್ಟ ಸುರುಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಸಂತೆಪೇಟೆಯ ಮೋಟಾರು ರೀವೈಂಡಿಂಗ್ ಅಂಗಡಿಯಲ್ಲಿಯೇ ಆಗುತ್ತಿತ್ತು. ಹೀಗೆ ಎರಡು ತಲೆಮಾರು ಬಾಳಿದ ಫ್ಯಾನುಗಳು ಈಗಲೂ ಹಲವು ಮನೆಗಳಲ್ಲಿ ಇವೆ. ಬಿಎಲ್‌ಡಿಸಿ ಫ್ಯಾನಿನಲ್ಲಿ ಕೆಡುವುದು ಬಹುಪಾಲು ಅದರ ಎಲೆಕ್ಟ್ರಾನಿಕ್ ಸರ್ಕ್ಯೂಟ್; ಅದಕ್ಕೆ ತಯಾರಕರ ಬಿಡಿಭಾಗವೇ ಬೇಕು. ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಯವರು ಕೊಳ್ಳುವ ಮುನ್ನ ದುರಸ್ತಿಯ ಅನುಕೂಲ ಎಲ್ಲಿದೆಯೆಂದು ವಿಚಾರಿಸಿಕೊಳ್ಳಬೇಕು. ಈ ಬಗೆಯ ಫ್ಯಾನಿಗೆ ಗೋಡೆಯ ಹಳೆಯ ರೆಗ್ಯುಲೇಟರನ್ನು ಜೋಡಿಸಬಾರದು. ಅದನ್ನು ತೆಗೆಸಿ, ರಿಮೋಟಿನಿಂದಲೇ ವೇಗವನ್ನು ಬದಲಿಸಬೇಕು.